ಎರಡನೇ ಪುಟದ ನೀರಾನೆ

ಆ ವರ್ಷ ಶಿವರಾತ್ರಿ ಕಳೆದ ಎಂಟನೇ ದಿನ ನಮ್ಮ ಊರಿನಲ್ಲಿ ಎರಡು ಇಲ್ಲವಾಯಿತು. ಒಂದು ಇತ್ತು, ಮೂರು ಇತ್ತು, ಹತ್ತರವರೆಗೆ ಮಿಕ್ಕಿದ್ದೆಲ್ಲ ಸರಿಯಾಗಿಯೇ ಇತ್ತು. ಮುದಿ ನೀರಾನೆ ಕೆಂಪಣ್ಣ ಬೆಳಿಗ್ಗೆ ಸೌತೆಕಾಯಿ ತಿಂದು ಕೊಳಕ್ಕೆ ಇಳಿದವನು ಮತ್ತೆ ಮೇಲಕ್ಕೆ ಬರಲಿಲ್ಲ. ಅವನ ಜೊತೆಗಾತಿ ಕೆಂಪಕ್ಕ ಒಬ್ಬಳೇ ಉಳಿದಳು. ಒಬ್ಬಳೇ ಎಂದರೆ ಒಂದು. ಆದರೆ ಒಂದು ಎಂಬುದು ಮೂವತ್ತು ವರ್ಷದಿಂದ ಆನೆಯದಾಗಿತ್ತು.

ನಮ್ಮ ಝೂನಲ್ಲಿ ಪ್ರಾಣಿಗಳ ಮನೆಗೆ ಬಾಗಿಲುಗಳಿಲ್ಲ, ಗೇಟಿಗೆ ಬೀಗವೂ ಇಲ್ಲ. ಇರುವುದು ಒಂದು ಪುಸ್ತಕ. ದಿನಾ ಸಂಜೆ ಐದು ಗಂಟೆಗೆ ಝೂ ನಡುವಿನ ಬ್ಯಾಂಡ್ ಕಟ್ಟೆಯ ಮೇಲೆ ನಿಂತು ಅದನ್ನು ಗಟ್ಟಿಯಾಗಿ ಓದಬೇಕು. ಪುಟಕ್ಕೊಂದು ಅಂಕಿ, ಅಂಕಿಗೊಂದು ಜಾತಿಯ ಪ್ರಾಣಿ, ಎರಡು ಸಾಲು ಪದ್ಯ, ಕೆಳಗೆ ಚಿತ್ರ. ತಮ್ಮ ಪುಟ ಕೇಳಿದ ಕೂಡಲೇ ಆ ಪ್ರಾಣಿಗಳು ಪದ್ಯದಲ್ಲಿರುವ ತುಂಟತನವನ್ನು ಮಾಡಿ ಮುಗಿಸಿ, ತಮ್ಮ ಮನೆಯೊಳಕ್ಕೆ ಹೋಗಿ, ಬೆಳಗಿನವರೆಗೆ ಹೊರಗೆ ಕಾಲಿಡುವುದಿಲ್ಲ. ಒಂದು, ಎರಡು, ಮೂರು ಎಂದು ಸಾಲಾಗಿ ಹತ್ತರವರೆಗೆ. ವರ್ಷ ತುಂಬುವ ಹೊತ್ತಿಗೆ ಅವಕ್ಕೆ ಹಳೆಯ ಪದ್ಯ ಬೇಸರವಾಗಿ ಆಕಳಿಕೆ ಶುರುವಾಗುತ್ತದೆ. ಆದ್ದರಿಂದ ಯುಗಾದಿ ಕಳೆದ ಮೊದಲ ಭಾನುವಾರ ಹೊಸ ಪುಸ್ತಕ. ಬರೆಯುವವಳು, ಚಿತ್ರ ಬಿಡಿಸುವವಳು, ಕಟ್ಟೆ ಹತ್ತಿ ಓದುವವಳು ಎಲ್ಲ ನಾನೇ. ನನಗಿಂತ ಮೊದಲು ನನ್ನ ಸೋದರತ್ತೆ ಈ ಕೆಲಸದಲ್ಲಿದ್ದಳು. ಹುಲಿ ನಮ್ಮಲ್ಲಿಲ್ಲ. ಹುಲಿಯ ತುಂಟತನ ಬರೆಯುವ ಧೈರ್ಯ ಅತ್ತೆಗೂ ಇರಲಿಲ್ಲ.

ಹೊಸ ಪುಸ್ತಕ ಹತ್ತಿರವಾದರೆ ನಮ್ಮ ಮನೆಯ ಜಗಲಿ ತುಂಬಿಹೋಗುತ್ತದೆ. ಬರೆದದ್ದು ವರ್ಷವಿಡೀ ದಿನಾ ನಡೆಯುತ್ತದೆ ಎಂದ ಮೇಲೆ ಯಾರಿಗೆ ತಾನೇ ಆಸೆಯಿಲ್ಲ, ಯಾರಿಗೆ ಭಯವಿಲ್ಲ. "ಆನೆ ಈ ವರ್ಷ ನನ್ನ ಅಂಗಡಿಗೇ ಬರ್ಲಿ ಕಣವ್ವ. ಒಂದು ಬುಟ್ಟಿ ಹೋದ್ರೂ ಚಿಂತೆಯಿಲ್ಲ, ನೋಡೋಕೆ ಬಂದೋರು ಮೊಳ ಮೊಳ ಹೂವು ತಗೋತಾರೆ" ಎಂದು ಹೂವಿನ ರತ್ನವ್ವ ಹೇಳಿ ಹೋದಳು. ಹೆಂಚಿನ ಮನೆಯವರೆಲ್ಲ ಒಟ್ಟಾಗಿ ಬಂದು, ಕೋತಿಗಳನ್ನು ತಾರಸಿ ಮನೆಗಳ ಕಡೆಗೆ ಕಳಿಸಬೇಕೆಂದು ಕೈಮುಗಿದರು. ತಾರಸಿ ಮನೆಯವರು ಮರುದಿನವೇ ಹೋಳಿಗೆ ತಂದರು. ನಾನು ಎರಡೂ ಪಕ್ಷದ ತಿಂಡಿ ತಿಂದು ನನಗೆ ಬೇಕಾದ್ದನ್ನು ಬರೆದೆ. "ಒಂದೇ ಆನೆ ಪೇಟೆಗೆ ಹೋಯ್ತು, ಹೂವಿನ ಬುಟ್ಟಿ ತಲೆ ಮೇಲಾಯ್ತು." "ಮೂರೊಂಟೆಗಳಿಗೆ ಮೂರೇ ಟೋಪಿ, ಕುಡಿಯಲು ಬೇಕು ಬಕೆಟ್ಟು ಕಾಫಿ." "ನಾಲ್ಕು ಕರಡಿ ಸೈಕಲ್ ಹತ್ತಿ, ಬಿದ್ದವು ಪಾರ್ಕಿನ ಬೇಲಿಯ ಸುತ್ತಿ." "ಏಳು ಕೋತಿ ಹೆಂಚಿನ ಮೇಲೆ, ನಡೆಸುತ್ತಾವೆ ಕೋತಿಯ ಶಾಲೆ." ಹೀಗೆ ಒಂಬತ್ತು ಪುಟ ಹದಿನೈದು ದಿನದಲ್ಲಿ ಮುಗಿದವು. ಎರಡನೇ ಪುಟ ಮಾತ್ರ ಬೆಳ್ಳಗೆ ಕೂತಿತ್ತು.

ಎರಡಿಲ್ಲದ ಊರು ಹೇಗಿರುತ್ತದೆ ಎಂಬುದು ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಕೆಂಪಣ್ಣ ಹೋದ ಸಂಜೆ ನಾನು ಒಂದು ಓದಿ, ಎರಡನ್ನು ನುಂಗಿ, ಮೂರಕ್ಕೆ ಹಾರಿದೆ. ಆನೆ ಮನೆ ಸೇರಿತ್ತು. ಒಂಟೆಗಳು ಕತ್ತು ಎತ್ತಿ, ಲೆಕ್ಕ ತಪ್ಪಿದ ಹುಡುಗಿಯನ್ನು ಮೇಷ್ಟ್ರು ನೋಡುವ ಹಾಗೆ ನನ್ನನ್ನು ನೋಡಿ, ಗೇಟಿನ ಕಡೆಗೆ ತಿರುಗಿದವು. ಅವುಗಳ ಹಿಂದೆ ಉಳಿದವೆಲ್ಲ. ಆ ಸಂಜೆಯಿಂದ ನಾಲ್ಕು ಕರಡಿಗಳು ಹೆರಿಗೆ ಆಸ್ಪತ್ರೆಯ ಬೆಂಚಿನ ಮೇಲೆ ಸರದಿಗೆ ಕಾಯುವವರ ಹಾಗೆ ಕೂರತೊಡಗಿದವು. ಎಂಟು ಮುಳ್ಳುಹಂದಿಗಳು ಟಾಕೀಸಿನ ಮುಂದಿನ ಸಾಲು ಹಿಡಿದವು. ಯಾರನ್ನೂ ಕಚ್ಚಲಿಲ್ಲ, ಏನನ್ನೂ ಒಡೆಯಲಿಲ್ಲ, ಮನೆಗೆ ಮಾತ್ರ ಹೋಗಲೊಲ್ಲವು. ಕ್ಷೌರದ ಅಂಗಡಿಯವನು ಒಂಟೆಗಳಿಗೆಂದೇ ಮೂರು ಉದ್ದನೆಯ ಟವೆಲ್ ಹೊಲಿಸಿಕೊಂಡ. ಹೊಸ ಬಾಣಂತಿಯರು ಕರಡಿಗೆ ಕೇಳಿಸುವಂತೆ ಮಗುವಿಗೆ ಹೆಸರು ಆರಿಸತೊಡಗಿದರು. ಕರಡಿ ತಲೆ ಆಡಿಸಿದ ಹೆಸರೇ ಇಟ್ಟರು. ಹೊಂದಿಕೊಳ್ಳುವುದರಲ್ಲಿ ನಮ್ಮವರು ಗಟ್ಟಿಗರು. ಆದರೂ ಎರಡು ವಾರವಾಗುವ ಹೊತ್ತಿಗೆ ಎಲ್ಲರ ಕಣ್ಣ ಕೆಳಗೂ ಕಪ್ಪು ಕಟ್ಟಿತ್ತು.

ಪುರಸಭೆ ಅಧ್ಯಕ್ಷ ಪುಟ್ಟಲಿಂಗಪ್ಪನವರು ಕೆಟ್ಟವರಲ್ಲ. ಬಿಳಿ ಪಂಚೆ, ಇಸ್ತ್ರಿ ಮಾಡಿದ ಶರಟು, ಯಾರು ಕರೆದರೂ ಹೋಗುವ ಮನುಷ್ಯ. ಮೊದಲು ಅವರೇ ಒಂದು ಉಪಾಯ ಮಾಡಿದರು. ಸಿದ್ದವ್ವನ ಮನೆಯ ಎಮ್ಮೆಯನ್ನು ತರಿಸಿ, ಕೊಂಬಿಗೆ ಬಟ್ಟೆ ಸುತ್ತಿ, ಮೈಗೆಲ್ಲ ಕೆಮ್ಮಣ್ಣು ಬಳಿದು ಕೆಂಪಕ್ಕನ ಪಕ್ಕದಲ್ಲಿ ಇಳಿಸಿದರು. ನಾನು ಹಳೆಯ ಪುಸ್ತಕದ ಎರಡನೇ ಪುಟವನ್ನು ಓದಿದೆ. ಎಮ್ಮೆ ಗಮನವಿಟ್ಟು ಕೇಳಿತು. ಕೇಳಿ, ಹಾಲು ಕರೆಯುವ ಹೊತ್ತಾಯಿತೆಂದು ಎದ್ದು, ನೀರು ಸುರಿಸುತ್ತ ಸಿದ್ದವ್ವನ ಮನೆಗೆ ಹೊರಟುಹೋಯಿತು.

ಆಮೇಲೆ ಸಭೆ ಸೇರಿತು. ಐದು ಜೀಬ್ರಾಗಳಲ್ಲಿ ಎರಡನ್ನು ಬೇರೆ ಮಾಡಬಹುದಲ್ಲ ಎಂದು ಯಾರೋ ಕೇಳಿದರು. ಅತ್ತೆಯ ಕಾಲದಲ್ಲಿ ಹಾಗೆ ಗಿಳಿಗಳ ಗುಂಪನ್ನು ಒಡೆದು ಎಣಿಸಿದ್ದರಂತೆ. ಗಿಳಿಗಳು ಹನ್ನೊಂದು ದಿನ ಕೋರ್ಟಿನ ಹೆಂಚಿನ ಮೇಲೆ ಕೂತು ವಾದ ಮಾಡಿದವಂತೆ. ಸುಳ್ಳು ಎಣಿಕೆ ಪ್ರಾಣಿಗಳಿಗೆ ಆಗುವುದಿಲ್ಲ. ಕೊನೆಗೆ ಪುಟ್ಟಲಿಂಗಪ್ಪನವರು ಎದ್ದು ನಿಂತರು. ಎರಡು ದಿನದ ದಾರಿಯ ಇನ್ನೊಂದು ಊರಿನಲ್ಲಿ ಒಂದು ಜೋಡಿ ಜಿಂಕೆಯಿದೆ, ಅವರಿಗೆ ನೀರಾನೆ ಬೇಕಂತೆ, ಅದಲು ಬದಲು ಮಾಡಿಕೊಳ್ಳೋಣ ಎಂದರು. ಹೊಸ ಪುಸ್ತಕದ ದಿನವೇ ಲಾರಿ ಬರುತ್ತದೆ, ಕೆಂಪಕ್ಕನನ್ನು ಒಯ್ಯುತ್ತದೆ, ಮರುವಾರ ಜಿಂಕೆ.

ಸಭೆಯ ಹಿಂದಿನ ಸಾಲಿನಿಂದ ಮಾದಯ್ಯ ಎದ್ದ. ನೀರಾನೆಗಳನ್ನು ಮೂವತ್ತು ವರ್ಷದಿಂದ ನೋಡಿಕೊಂಡವನು ಅವನು. ದಪ್ಪ ದೇಹ, ಕುತ್ತಿಗೆಯಿಲ್ಲದ ತಲೆ, ಖಾಕಿ ಅಂಗಿ. ಅವನು ನಕ್ಕದ್ದನ್ನು ಕಂಡವರು ಊರಿನಲ್ಲಿ ಯಾರೂ ಇರಲಿಲ್ಲ. "ಬುದ್ಧೀ, ಅವಳು ಕೆಂಪಣ್ಣ ಹೋದಾಗಿಂದ ಮೇವು ಮುಟ್ಟಿಲ್ಲ. ನನ್ನ ಕೈಯಿಂದ ದಿನಕ್ಕೆ ನಾಕು ಸೌತೇಕಾಯಿ ತಿಂತಾಳೆ, ಅಷ್ಟೇಯ. ಲಾರೀಲಿ ಎರಡು ದಿನ ಅಂದ್ರೆ ಆ ಊರು ಕಾಣಾಕಿಲ್ಲ ಅವಳು."

"ನನಗೇನು ಅದರ ಮೇಲೆ ದ್ವೇಷವೇನಯ್ಯ?" ಎಂದರು ಪುಟ್ಟಲಿಂಗಪ್ಪ. "ಆಸ್ಪತ್ರೆ ಬೆಂಚಿನ ಮೇಲೆ ಕರಡಿ ಕೂತಿದೆ. ನಾಳೆ ಏನಾದರೂ ಆದರೆ ಜನ ಯಾರನ್ನ ಕೇಳ್ತಾರೆ, ನಿನ್ನನ್ನೋ ನನ್ನನ್ನೋ?" ಅಧ್ಯಕ್ಷರು ನನ್ನ ಕಡೆ ತಿರುಗಿದರು. "ಇಂದ್ರಾಣಮ್ಮ, ಜಿಂಕೆ ಮೇಲೆ ಎರಡು ಸಾಲು ಬರೆದುಬಿಡಿ."

ಬರೆಯಲು ಕೂತರೆ ಒಂದಕ್ಷರ ಹೊರಡಲಿಲ್ಲ. ಕೆಂಪಕ್ಕನ ಚಿತ್ರ ಕೊನೆಯ ಸಲ ಬರೆದುಕೊಳ್ಳೋಣವೆಂದು ಕೊಳದ ಹತ್ತಿರ ಹೋದೆ. ಬಿಸಿಲು ಇಳಿಯುತ್ತಿತ್ತು. ಆಗಷ್ಟೇ ಅವಳ ಮೈ ತೊಳೆದಿದ್ದ ಮಾದಯ್ಯ ಒದ್ದೆ ಕಂಬಳಿ ಹೊದ್ದು ಅಂಚಿನಲ್ಲಿ ಕೂತಿದ್ದ, ಪಕ್ಕದಲ್ಲಿ ಅವಳು. ಇಬ್ಬರೂ ನನಗೆ ಬೆನ್ನು ಹಾಕಿ ನೀರು ನೋಡುತ್ತಿದ್ದರು. ಅವನು ಒಂದು ಸೌತೆಕಾಯಿ ಮುರಿದು ಅರ್ಧ ಅವಳ ಬಾಯಿಗೆ ಹಾಕಿ ಅರ್ಧ ತಾನು ಕಚ್ಚುತ್ತಿದ್ದ. ಅಗಿಯುವುದೂ ಒಟ್ಟಿಗೆ, ನಿಲ್ಲಿಸುವುದೂ ಒಟ್ಟಿಗೆ. ನಾನು ಬೇಗಬೇಗ ಗೀಚಿಕೊಂಡೆ. ಮನೆಗೆ ಬರುವಾಗ ಪ್ರೆಸ್ಸಿಗೆ ಹೋಗಿ ಮಿಕ್ಕ ಒಂಬತ್ತು ಪುಟದ ಜೊತೆ ಆ ಹಾಳೆಯನ್ನೂ ಮರೆತು ಅಲ್ಲಿಯೇ ಬಿಟ್ಟುಬಂದೆ. ಹಾಳೆಯ ಅಂಚಿನಲ್ಲಿ, ಯಾರಿಗೂ ಅಲ್ಲದೆ, ಸುಮ್ಮನೆ ನನಗೆಂದು ಗೀಚಿದ್ದ ಎರಡು ಸಾಲಿತ್ತು: "ಎರಡು ನೀರಾನೆ ಕೊಳದ ಕಟ್ಟೆ, ತೊಯ್ದು ತೊಪ್ಪೆ ಊರಿನ ಬಟ್ಟೆ."

ಗುರುವಾರ ಪ್ರೆಸ್ಸಿನ ಜಬ್ಬಾರ್ ಸಾಹೇಬರು ಹೇಳಿ ಕಳಿಸಿದರು. ಹೋದರೆ ನಾನೂರು ಪುಸ್ತಕ ಹೊಲಿಗೆಯಾಗಿ, ರಟ್ಟು ಅಂಟಿಸಿಕೊಂಡು, ಗೋಡೆಗೆ ಒರಗಿ ನಿಂತಿದ್ದವು. ಎರಡನೇ ಪುಟ ತೆರೆದೆ. ಮಾದಯ್ಯನ ಬೆನ್ನು, ಕೆಂಪಕ್ಕನ ಬೆನ್ನು, ಎರಡಕ್ಕೂ ಒಂದೇ ಬೂದು ಬಣ್ಣ.

"ಸಾಹೇಬರೇ, ಇದೇನು ಮಾಡಿದ್ದೀರಿ?"

"ಯಾಕೆ ತಂಗೀ, ಬಣ್ಣ ಜಾಸ್ತಿ ಆಯ್ತಾ?"

"ಇದು ಮಾದಯ್ಯ."

ಅವರು ಕನ್ನಡಕವನ್ನು ಹಣೆಗೇರಿಸಿ, ಮೂಗು ಹಾಳೆಗೆ ತಾಗುವಷ್ಟು ಬಾಗಿ ನೋಡಿದರು. ತುಂಬ ಹೊತ್ತು ನೋಡಿದರು. "ಯಾವುದು?" ಎಂದರು.

ನಲವತ್ತು ವರ್ಷ ಇದೇ ಪ್ರಾಣಿಗಳ ಚಿತ್ರ ಅಚ್ಚು ಹಾಕಿದ ಕಣ್ಣು ಅದು. ಆ ಕಣ್ಣಿಗೆ ಎರಡು ಕಂಡಿತ್ತು. ನಾನು ಒಂದು ಪ್ರತಿಯನ್ನು ಸೆರಗಿನಡಿ ಇಟ್ಟುಕೊಂಡು ಬೀದಿಯಲ್ಲಿ ಓಡಿದೆ. ದಾರಿಯಲ್ಲಿ ಆರು ನವಿಲುಗಳು ಬಸ್ಸಿಗೆ ಕಾಯುತ್ತಿದ್ದವು, ಅವುಗಳ ನಡುವೆಯೇ ನುಗ್ಗಿದೆ.

ಮಾದಯ್ಯ ಮನೆಯಲ್ಲಿ ಊಟಕ್ಕೆ ಕೂತಿದ್ದ. ಅವನ ಹೆಂಡತಿ ಸಾಕಮ್ಮ ಪುಸ್ತಕ ಕಸಿದುಕೊಂಡು ಬೆಳಕಿಗೆ ಹಿಡಿದಳು. "ಅಯ್ಯೋ ಶಿವನೇ, ಎಡಗಡೆಯದು ನಮ್ಮ ಯಜಮಾನ್ರು. ಮದುವೆಯಾದಾಗಿಂದ ನಾನು ಇದನ್ನೇ ಹೇಳ್ತಿದ್ದೆ, ಈಗ ಅಚ್ಚಾಗಿ ಬಂತು ನೋಡಿ."

ಮಾದಯ್ಯ ನಗಲಿಲ್ಲ. ಪುಟವನ್ನು ಮೊಣಕಾಲ ಮೇಲಿಟ್ಟುಕೊಂಡು ಬೆರಳಿನಿಂದ ಎಣಿಸಿದ. "ಒಂದು. ಎರಡು. ಅವಳು ಒಪ್ಪಿದ್ರೆ ಲಾರಿ ಬರಿದೇ ಹೋಗ್ತದಾ?"

"ಅವಳೊಬ್ಬಳು ಒಪ್ಪಿದರೆ ಸಾಲದು. ನೀವೂ ನೀರಾನೆ ಆಗಬೇಕು. ತುಂಟತನ ಮಾಡಬೇಕು, ಆಮೇಲೆ ಅವಳ ಜೊತೆ ಒಳಗೆ ಹೋಗಿ ಬೆಳಗಿನ ತನಕ ಅಲ್ಲಿರಬೇಕು. ದಿನಾ. ಒಂದು ವರ್ಷ."

"ಮಲಗೋದೇನು ದೊಡ್ಡದಲ್ಲ" ಎಂದಳು ಸಾಕಮ್ಮ. "ಈ ಮೂವತ್ತು ವರ್ಷದಲ್ಲಿ ಇವರು ಇಲ್ಲಿ ಮಲಗಿದ್ದೇ ಹಬ್ಬ ಹರಿದಿನಕ್ಕೆ. ಊಟ ಎಲ್ಲಿಗೆ ತರಲಿ ಅಷ್ಟು ಹೇಳಿ."

"ತುಂಟತನ ಅಂದ್ರೆ ಹೆಂಗವ್ವ ಮಾಡೋದು?" ಮಾದಯ್ಯ ನನ್ನನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ನಿಜವಾದ ಭಯವಿತ್ತು. "ನಾನು ಯಾವತ್ತೂ ಮಾಡಿಲ್ಲ. ನಮ್ಮಪ್ಪನೂ ಮಾಡಿರಲಿಲ್ಲ."

ಮೂರು ದಿನ ಉಳಿದಿತ್ತು. ಸಾಕಮ್ಮ ಅವನನ್ನು ಪಳಗಿಸಲು ಹೊರಟಳು. ನನ್ನ ಕನ್ನಡಕ ಬಚ್ಚಿಡಿ ಎಂದಳು. ಅವನು ಬಚ್ಚಿಟ್ಟು, ಅವಳು ಹುಡುಕಲು ಎದ್ದ ಕೂಡಲೇ "ಅಕ್ಕಿ ಡಬ್ಬೀಲಿ ಅದೆ" ಎಂದುಬಿಟ್ಟ. ಪಕ್ಕದ ಮನೆಯ ಕೋಳಿಯನ್ನು ಹೆದರಿಸಿ ಎಂದಳು. ಅವನು ಕೋಳಿಯ ಮುಂದೆ ಕೂತು ಕ್ಷಮೆ ಕೇಳುವವನ ಹಾಗೆ ಕೆಮ್ಮಿದ. "ಇವರಿಂದ ಆಗಲ್ಲ ಕಣವ್ವ" ಎಂದು ಶನಿವಾರ ಸಾಕಮ್ಮ ನನ್ನ ಬಳಿ ಬಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮನೇಲಿ ಮಾತಾಡ್ತಾ ಇಲ್ಲ. ಅದು ಹೋದ್ರೆ ಇವರೂ ಉಳಿಯಲ್ಲ."

ಭಾನುವಾರ ನಾಲ್ಕು ಗಂಟೆಗೇ ಝೂ ತುಂಬಿತು. ಹೊಸ ಪದ್ಯದ ಆಸೆಗೆ ಪ್ರಾಣಿಗಳೂ ಊರಿನಿಂದ ಬಂದು ಸೇರಿದವು. ಮರದ ಮೇಲೆ ಜನ, ಗೋಡೆಯ ಮೇಲೆ ಜನ, ಆನೆಯ ಮನೆಯ ಮಾಡಿನ ಮೇಲೂ ಜನ. ಕಡಲೆಪುರಿ ಮಾರುವವನ ಧ್ವನಿ ಆಗಲೇ ಕಟ್ಟಿಹೋಗಿತ್ತು. ಗೇಟಿನ ಹೊರಗೆ ಲಾರಿ ಹಿಮ್ಮುಖವಾಗಿ ನಿಂತು, ಹಲಗೆ ಇಳಿಬಿಟ್ಟುಕೊಂಡು ಕಾಯುತ್ತಿತ್ತು. ಪುಟ್ಟಲಿಂಗಪ್ಪನವರು ಕೊಳದ ಹತ್ತಿರ, ಕೈಯಲ್ಲಿ ಒಂದು ಚೀಟಿ ಮತ್ತು ಅಂಟಿನ ಬಾಟಲಿ ಹಿಡಿದು ನಿಂತಿದ್ದರು. ಚೀಟಿಯಲ್ಲಿ ಯಾರಿಂದಲೋ ಬರೆಸಿದ ಜಿಂಕೆಯ ಪದ್ಯ. ನನ್ನ ಪುಸ್ತಕ ಕೈಕೊಟ್ಟರೆ ಎರಡನೇ ಪುಟದ ಮೇಲೆ ಅಂಟಿಸಲು. ನಮ್ಮ ಪ್ರಯತ್ನಕ್ಕೆ ಅವರು ಅಡ್ಡಿ ಹೇಳಿರಲಿಲ್ಲ. "ಒಂದು ಪುಟವನ್ನ ಮೂರು ಸಲ ಓದಬಹುದು ಅಂತ ಕ್ರಮ ಇದೆ. ಮೂರು ಸಲ ಓದಿ. ಆಮೇಲೆ ನನ್ನ ಮಾತು ಕೇಳಿ" ಎಂದಿದ್ದರು. ಅದಕ್ಕಿಂತ ಹೆಚ್ಚು ಯಾರು ತಾನೇ ಕೊಡುತ್ತಿದ್ದರು?

ಐದು ಹೊಡೆಯಿತು. ನಾನು ಕಟ್ಟೆ ಹತ್ತಿದೆ. ಹೊಸ ಕಾಗದದ, ಹೊಸ ಶಾಯಿಯ ವಾಸನೆಗೆ ನನ್ನ ಮೂಗು ಅರಳಿತು. "ಒಂದು" ಎಂದೆ. ಇಡೀ ಊರು "ಒಂದು" ಎಂದಿತು. ಪದ್ಯ ಮುಗಿಯುವುದಕ್ಕೂ ಮೊದಲೇ ಆನೆ ಕಿವಿ ಬಿಚ್ಚಿಕೊಂಡು ಪೇಟೆಗೆ ನುಗ್ಗಿ, ರತ್ನವ್ವನ ಬುಟ್ಟಿಯನ್ನು ತಲೆಗೇರಿಸಿಕೊಂಡು, ಕಣ್ಣಿನ ಮೇಲೆ ಮಲ್ಲಿಗೆ ಇಳಿಬಿಟ್ಟುಕೊಂಡು, ಮದುಮಗಳ ಹಾಗೆ ತಿರುಗಿ ಬಂದು ಮನೆ ಸೇರಿತು. ಶಿಳ್ಳೆ, ಚಪ್ಪಾಳೆ. ಹಿಂದಿನಿಂದ ರತ್ನವ್ವ ಓಡಿ ಬಂದು, ತನ್ನ ಅಂಗಡಿ ಯಾವ ಬೀದಿಯಲ್ಲಿದೆಯೆಂದು ಎಲ್ಲರಿಗೂ ಕೂಗಿ ಹೇಳುತ್ತಿದ್ದಳು.

"ಎರಡು."

ಮಾದಯ್ಯ ಖಾಕಿ ಅಂಗಿಯಲ್ಲಿಯೇ ಸೊಂಟದ ಮಟ್ಟದ ನೀರಿನಲ್ಲಿ ನಿಂತಿದ್ದ. ಅವನಿಂದ ನಾಲ್ಕು ಮಾರು ದೂರದಲ್ಲಿ ಕೆಂಪಕ್ಕನ ಎರಡು ಕಿವಿ, ಎರಡು ಕಣ್ಣು. ನಾನು ಓದಿದೆ. ಮಾದಯ್ಯ ಬೊಗಸೆಯಲ್ಲಿ ನೀರು ತೆಗೆದು ಮುಂದಿನ ಸಾಲಿನ ಹೆಂಗಸರ ಪಾದಕ್ಕೆ ಪೂಜೆಯ ಹಾಗೆ ಬಿಟ್ಟು, "ತಪ್ಪು ತಿಳ್ಕೋಬ್ಯಾಡಿ" ಎಂದು ಕೈಮುಗಿದ. ಜನ ನಕ್ಕರು. ಕೆಂಪಕ್ಕ ಕಣ್ಣು ಮುಚ್ಚಿದಳು.

ಎರಡನೇ ಸಲ ಓದಿದೆ. ಈ ಸಲ ಅವನು ಸ್ವಲ್ಪ ಜೋರಾಗಿ ಎರಚಿದ. ಎರಚಿ, ಯಾರ ಮೇಲೆ ಬಿತ್ತೋ ಅವರ ಕಡೆ ತನ್ನ ವಲ್ಲಿ ಚಾಚಿದ, ಒರೆಸಿಕೊಳ್ಳಲು. ಕೆಂಪಕ್ಕ ಕದಲಲಿಲ್ಲ. ಆಚೆ ಒಂಟೆಗಳು ಆಗಲೇ ಕತ್ತು ತಿರುಗಿಸಿ ಗೇಟು ನೋಡುತ್ತಿದ್ದವು. ಲಾರಿಯವನು ಒಮ್ಮೆ ಹಾರನ್ ಹೊಡೆದ. ಜನರ ನಗು ನಿಂತುಹೋಗಿತ್ತು. ಪುಟದ ಅಕ್ಷರಗಳು ಕಲಸಿಕೊಂಡವು. ನಾನು ಗೀಚಿದ ಎರಡು ಸಾಲನ್ನು ನಂಬಿ ಒಬ್ಬ ಮನುಷ್ಯ ಊರೆಲ್ಲರ ಎದುರು ನೀರಿನಲ್ಲಿ ನಿಂತಿದ್ದ.

ಪುಟ್ಟಲಿಂಗಪ್ಪನವರು ಕೊಳದ ಅಂಚಿಗೆ ಬಂದರು. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಸಾಕು ಮಾದಯ್ಯ, ಮೇಲಕ್ಕೆ ಬಾ. ವಯಸ್ಸಾದ ಮೈ, ಶೀತ ಆಗತ್ತೆ. ನೀನು ಮಾಡಬೇಕಾದ್ದು ಮಾಡಿದೆ" ಎಂದು ಬಲಗೈ ಚಾಚಿದರು. ಎಡಗೈಯಲ್ಲಿ ಚೀಟಿ ಇತ್ತು.

"ಇನ್ನೊಂದು ಸಲ ಇದೆ" ಎಂದು ನಾನು ಕೂಗಿ, ಕಾಯದೆ ಓದತೊಡಗಿದೆ. ಎರಡು ನೀರಾನೆ ಕೊಳದ ಕಟ್ಟೆ. ಮಾದಯ್ಯ ತನ್ನ ಮುಂದೆ ಚಾಚಿದ್ದ ಆ ಕೈಯನ್ನು ನೋಡಿದ. ಬೆಳ್ಳಗಿನ, ಮೃದುವಾದ, ಉಂಗುರ ತೊಟ್ಟ ಕೈ. ಅದರ ಹಿಂದೆ ಇಸ್ತ್ರಿ ಮಾಡಿದ ತೋಳು, ಅದರ ಹಿಂದೆ ಒಂದು ಸುಕ್ಕೂ ಇಲ್ಲದ ಪಂಚೆ. ಅವನ ತುಟಿಯ ಒಂದು ಮೂಲೆ, ಅರವತ್ತು ವರ್ಷ ಅಲ್ಲಾಡದೆ ಇದ್ದದ್ದು, ಮೆಲ್ಲಗೆ ಮೇಲಕ್ಕೆ ಹೋಯಿತು. ಅವನು ಆ ಕೈಯನ್ನು ಗೌರವದಿಂದ ಹಿಡಿದುಕೊಂಡ. ತೊಯ್ದು ತೊಪ್ಪೆ, ಎಂದು ನಾನು ಓದುತ್ತಿದ್ದೆ. ಅವನು ಎಳೆದ.

ಪುಟ್ಟಲಿಂಗಪ್ಪನವರು ಚಪ್ಪಲಿ, ಚೀಟಿ, ಅಂಟಿನ ಬಾಟಲಿ ಸಮೇತ ಗಾಳಿಯಲ್ಲಿ ಒಂದು ಕ್ಷಣ ಮಲಗಿ, ಧೊಪ್ಪೆಂದು ನೀರಿಗೆ ಬಿದ್ದರು. ಮಾದಯ್ಯ ನಕ್ಕ. ಮೊದಲು ಮೂಗಿನಲ್ಲಿ, ಆಮೇಲೆ ಗಂಟಲಿನಲ್ಲಿ, ಆಮೇಲೆ ಆ ಇಡೀ ದಪ್ಪ ಹೊಟ್ಟೆಯಲ್ಲಿ. ಹಂಡೆಯೊಳಗೆ ಕಲ್ಲು ಉರುಳಿದಂಥ ನಗು. ಅವನು ನಗುತ್ತಲೇ ಎರಡೂ ತೋಳಿನಿಂದ ನೀರನ್ನು ಬಾಚಿ ಬಾಚಿ ಜನರ ಮೇಲೆ ಎಸೆಯತೊಡಗಿದ. ಯಾರಿಗೂ ವಲ್ಲಿ ಕೊಡಲಿಲ್ಲ, ಯಾರಿಗೂ ಕೈಮುಗಿಯಲಿಲ್ಲ. ಕೆಂಪಕ್ಕನ ಕಣ್ಣು ತೆರೆಯಿತು. ಬಾಯಿಯೂ ತೆರೆಯಿತು, ಗುಹೆಯ ಹಾಗೆ, ಗುಲಾಬಿ ಬಣ್ಣದ್ದು. ಅದೇ ನಗುವನ್ನು ಅವಳು ಹತ್ತು ಪಟ್ಟು ಮಾಡಿ ಹಿಂದಕ್ಕೆ ಕೊಟ್ಟಳು. ಒಮ್ಮೆ ಪೂರ್ತಿ ಮುಳುಗಿದಳು. ಎದ್ದಾಗ ಕೊಳ ಅವಳ ಜೊತೆಗೇ ಎದ್ದಿತು.

ಮರದ ಮೇಲಿದ್ದವರೂ ತೊಯ್ದರು. ಕಡಲೆಪುರಿ ಗಂಜಿಯಾಯಿತು. ಜಬ್ಬಾರ್ ಸಾಹೇಬರು ಕನ್ನಡಕ ಒರೆಸಿ ಒರೆಸಿ ಹಾಕಿಕೊಳ್ಳುತ್ತಿದ್ದರು. ಸಾಕಮ್ಮ ಒದ್ದೆ ಸೀರೆಯಲ್ಲಿ ಕುಣಿಯುತ್ತ, "ನಮ್ಮ ಯಜಮಾನ್ರು, ನಮ್ಮ ಯಜಮಾನ್ರು" ಎಂದು ಗೊತ್ತಿಲ್ಲದವರನ್ನೆಲ್ಲ ಹಿಡಿದು ತೋರಿಸುತ್ತಿದ್ದಳು. ಪುಟ್ಟಲಿಂಗಪ್ಪನವರು ಎದ್ದು ನಿಂತು, ಮುಖದ ಮೇಲೆ ಅಂಟಿದ್ದ ಜಿಂಕೆಯ ಪದ್ಯವನ್ನು ಸುಲಿದು ತೆಗೆದು, ಮೊದಲು ಕೇಳಿದ್ದು ಒಂದೇ ಮಾತು: "ಎಣಿಕೆ ಆಯ್ತಾ?"

"ಇನ್ನೂ ಇಲ್ಲ, ಒಳಗೆ ಹೋಗಬೇಕು" ಎಂದೆ.

ಕೆಂಪಕ್ಕ ನೀರಿನಿಂದ ಮೇಲೆ ಬಂದಳು. ನೆಲಕ್ಕೆ ನೀರು ಸುರಿಸುತ್ತ, ಅವಸರವಿಲ್ಲದೆ, ತನ್ನ ಮನೆಯ ಹೊಸ್ತಿಲವರೆಗೆ ನಡೆದು, ಅಲ್ಲಿಯೇ ನಿಂತುಬಿಟ್ಟಳು. ಪಕ್ಕಕ್ಕೆ ಸರಿದು, ಅಗಲವಾದ ತನ್ನ ಮೈಯನ್ನು ಗೋಡೆಗೆ ಒತ್ತಿ, ದಾರಿ ಬಿಟ್ಟಳು. ಹಿಂದಿರುಗಿ ನೋಡಿದಳು.

ಮಾದಯ್ಯ ನೀರಿನಿಂದ ಹತ್ತಿ ಬಂದ. ಮೂವತ್ತು ವರ್ಷ ಅವರಿಬ್ಬರನ್ನೂ ಮುಂದೆ ಬಿಟ್ಟು, ಅವರು ಒಳಗೆ ಹೋದದ್ದನ್ನು ನೋಡಿ, ತಾನು ಹೊರಗೇ ಮಲಗುತ್ತಿದ್ದವನು. ಈಗ ಹೊಸ್ತಿಲ ಬಳಿ ಕೊಂಚ ತಡೆದ. ಅವಳು ಮೂತಿಯಿಂದ ಅವನ ಬೆನ್ನನ್ನು ಮೆಲ್ಲಗೆ ನೂಕಿದಳು. ಅವನು ತಲೆ ತಗ್ಗಿಸಿ ಒಳಗೆ ಹೋದ. ಅವಳು ಅವನ ಹಿಂದೆ ಹೋದಳು.

ನಾನು ಒದ್ದೆ ಪುಟವನ್ನು ಬೆರಳಿನಿಂದ ಬಿಡಿಸಿ ಮಗುಚಿದೆ. ನಾನು ಬಾಯಿ ತೆರೆಯುವುದರೊಳಗೆ ಊರಿಗೆ ಊರೇ ಕೂಗಿತು: "ಮೂರು." ಒಂಟೆಗಳು ಕತ್ತು ಎತ್ತಿ, ಕಾಫಿಯ ಬಕೆಟ್ ಎಲ್ಲಿದೆಯೆಂದು ನೋಡತೊಡಗಿದವು.